ತಾತನ ಕೋಟಿನ ಬ್ಯಾಡ್ಜು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹೊಳೆನರಸೀಪುರದ ಮನೆಯಲ್ಲಿ ತಾತನ ನೀಲಿ ಕೋಟು ಕಿಟಕಿ ಪಕ್ಕದ ಗೂಟದಲ್ಲಿ ನೇತಾಡುತ್ತಿದ್ದದ್ದು ಖಚಿತ. ಬೇಸಿಗೆ ರಜೆಯಲ್ಲಿ ನಾನದನ್ನು ತೊಟ್ಟು, ಎದೆಯ ಜೇಬಿಗೆ ಹುಣಸೆಬೀಜ ತುಂಬಿಕೊಂಡು ಓಡಾಡಿದ್ದೂ ಖಚಿತ. ಆ ಜೇಬಿನ ಮೇಲೆ ಆಗ ದೇಶದ ತಂಡದ ಬ್ಯಾಡ್ಜು ಇತ್ತೋ ಇಲ್ಲವೋ, ಅದೊಂದು ಮಾತ್ರ ಹೇಳಲಾರೆ. ಹೋದ ತಿಂಗಳಿನಿಂದ ನನ್ನ ಡೈರಿಯ ತುಂಬ ಇದೇ.

ತಾತ ಬೆಂಗಳೂರಿನ ಕ್ಲಬ್ಬೊಂದರಲ್ಲಿ ಸೆಂಟರ್ ಫಾರ್ವರ್ಡ್ ಆಗಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಫುಟ್‌ಬಾಲ್ ತಂಡದ ಜೊತೆ ಹಡಗು ಹತ್ತಿದರು, ಬೂಟಿಲ್ಲದೆ, ಕಾಲ್ಬೆರಳಿಗೆ ಹಳೇ ಪಂಚೆಯ ಪಟ್ಟಿ ಸುತ್ತಿಕೊಂಡು ಆಡಿದರು, ಗೋಲು ಹೊಡೆದರು. ಇದು ಮನೆಯ ಕಥೆ. ಗೋಲು ಹೊಳೆನರಸೀಪುರದ ಮನೆಯಲ್ಲಿ ಹೇಳುವಾಗ ಒಂದು, ಚನ್ನರಾಯಪಟ್ಟಣದ ಚಿಕ್ಕಪ್ಪನ ಬಾಯಲ್ಲಿ ಎರಡು, ಅರಕಲಗೂಡಿನ ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ಮೂರು. ತಾತನಿಂದಲೇ ನಾನು ಕೇಳಿದ್ದು ಇಷ್ಟು: "ಗೋಲ್ ಒಡುದ್ರೆ ಎಲ್ರೂ ಬಂದು ತಬ್ಕೋತಿದ್ರು ಕಣವ್ವ. ತಪ್ಪೋದ್ರೆ ಒಬ್ನೂ ಪಕ್ಕಕ್ ಬತ್ತಿರ್ನಿಲ್ಲ." ಯಾವ ಊರಿನ ಮೈದಾನದಲ್ಲಿ ಎಂದು ಅವರು ಬದುಕಿದ್ದಾಗ ನಾನು ಕೇಳಲಿಲ್ಲ.

ಈಗ ಅವರು ಓದಿದ ಶಾಲೆಯ ಮೈದಾನದ ಗೇಟಿಗೆ ಹಳೇ ವಿದ್ಯಾರ್ಥಿಗಳು ಅವರ ಹೆಸರಿನ ಕಲ್ಲು ಹಾಕಿಸುತ್ತಿದ್ದಾರೆ. ಹಾಸನದಲ್ಲಿ ಇತಿಹಾಸ ಪಾಠ ಮಾಡುವವಳೆಂದು ಅದರ ನಾಲ್ಕು ಸಾಲು ಬರೆಯುವ ಕೆಲಸ ನನಗೆ ಬಿತ್ತು. 'ದೇಶಕ್ಕಾಗಿ ಆಡಿದ' ಎಂದು ಬರೆಯಲು ಕೈ ಏಳುತ್ತಿಲ್ಲ. ನನಗೆ ಸಿಕ್ಕ ತಂಡದ ಯಾವ ಪಟ್ಟಿಯಲ್ಲೂ ತಾತನ ಹೆಸರಿಲ್ಲ. ಪಟ್ಟಿಗಳೂ ಅರ್ಧಂಬರ್ಧ; ಮೈದಾನಕ್ಕಿಳಿಯದೆ ಬೆಂಚಿನಲ್ಲೇ ಕೂತು ಬಂದವರನ್ನು ಯಾರೂ ಬರೆದಿಟ್ಟಿಲ್ಲ.

ಫೋನಿನಲ್ಲಿ ಚಿಕ್ಕಪ್ಪ ರೇಗಿದರು. "ಎಂಎ ಓದಿದ್ದು ಸ್ವಂತ ತಾತನ್ ಮ್ಯಾಲೇ ಅನುಮಾನ ಪಡಾಕಾ? ನಿಮ್ಮತ್ತೆ ತಾವ ಓಗು, ಕೋಟು ಅಲ್ಲೇ ಅದೆ. ಬ್ಯಾಡ್ಜ್ ನೋಡ್ಬುಟ್ಟು ಆಮೇಲ್ ಮಾತಾಡು."

ಭಾನುವಾರ ಅರಕಲಗೂಡಿಗೆ ಹೋದೆ. ಗೊರೂರಿನವರೆಗೂ ಬಸ್ಸಿನಲ್ಲಿ ನಿಂತೇ ಇದ್ದೆ. ಅತ್ತೆ ಟ್ರಂಕಿನಿಂದ ಕೋಟು ತೆಗೆದು ನನ್ನ ಮಡಿಲಿಗೆ ಹಾಕಿದರು. ಕಿಟಕಿಯ ಬಿಸಿಲಿಗೆ ಎದೆಯ ಭಾಗ ಬೂದಿಬಣ್ಣಕ್ಕೆ ತಿರುಗಿತ್ತು. ಜೇಬಿನ ಮೇಲೆ ಜರಿದಾರದ ಕಸೂತಿಯ ಬ್ಯಾಡ್ಜು ಇತ್ತು. ಸುತ್ತ ಕಾಜಾ ಹೊಲಿಗೆ, ಮೂಲೆಗೆ ಮೂರು ಗಂಟು. ಆಯಸ್ಸೆಲ್ಲ ರವಿಕೆ ಹೊಲಿದ ಅತ್ತೆ ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದೂ ಅದೇ, ಮೂಲೆಗೆ ಮೂರು ಗಂಟು.

"ಇದು ನಿಮ್ ಕೈದೇ ಅಲ್ವಾ ಅತ್ತೆ?"

"ಉದುರೋಗಿತ್ತು, ಆಕ್ದೆ. ಅದ್ಯಾಕಂಗೆ ಪೊಲೀಸ್ನೋರ್ ತರ ನೋಡ್ತೀಯೆ?"

"ಯಾವಾಗ ಉದುರಿದ್ದು?"

"ಏಳ್ಬುಟ್ಟು ಉದುರ್ತದಾ ಅದು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಮ್ಮಪ್ಪನ್ ಕಲ್ಲು ನಿಲ್ಸೋದ್ನ ಕಣ್ಣಾರ ನೋಡ್ಬುಟ್ರೆ ಸಾಕು ನಂಗೆ. ಬರುದ್ಬುಡವ್ವ" ಎಂದರು.

ಬ್ಯಾಡ್ಜು ಮೊದಲಿನಿಂದಲೂ ಇದ್ದಿದ್ದರೆ ಅದರ ಅಡಿಯ ಬಟ್ಟೆಗೆ ಬಿಸಿಲು ತಾಕಿರುವುದಿಲ್ಲ, ಇನ್ನೂ ಕಡುನೀಲಿ ಇರಬೇಕು. ಅಲ್ಲೂ ಬೂದಿಬಣ್ಣವಿದ್ದರೆ ಬ್ಯಾಡ್ಜು ಬಂದದ್ದು ಆಮೇಲೆ. ಕಡುನೀಲಿಯಿದ್ದರೂ ತಾತ ಆಡಿದರೋ ಬೆಂಚಿನಲ್ಲಿ ಕೂತರೋ ಅದು ಹೇಳಲಾರದು, ಒಪ್ಪುತ್ತೇನೆ. ಹುಣಸೆಬೀಜ ತುಂಬುವಾಗ ಜರಿದಾರ ಬೆರಳಿಗೆ ಚುಚ್ಚಿದ ನೆನಪೊಂದು ಆಗಲೇ ಮೂಡಿತು. ಬ್ಯಾಡ್ಜು ನೋಡಿದ ಮೇಲೆ ಹುಟ್ಟಿದ ನೆನಪದು. ಅದನ್ನು ನಾನು ನಂಬುವುದಿಲ್ಲ.

ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ಕೈಗೆತ್ತಿಕೊಂಡೆ. ಕೇಳದೆ ದಾರ ಮುಟ್ಟಲು ಮನಸ್ಸಾಗಲಿಲ್ಲ, ಕೇಳಿದೆ. ಅತ್ತೆ ಕತ್ತರಿಯನ್ನೇ ನೋಡಿದರು. ಕೋಟನ್ನು ನನ್ನ ಮಡಿಲಲ್ಲೇ ಬಿಟ್ಟು ಕಾಫಿಗೆ ಹಾಲಿಡಲು ಎದ್ದುಹೋದರು. ಕಾಫಿ ಬಂತು, ಕುಡಿದೆ, ಕೋಟು ಮಡಿಚಿಟ್ಟು ಬಸ್ಸು ಹತ್ತಿದೆ.

ಕಲ್ಲು ಕೆತ್ತುವವರಿಗೆ ಬುಧವಾರ ಸಾಲು ಕೊಡಬೇಕು. ಇವತ್ತು ಬೆಳಿಗ್ಗೆಯೂ ಅತ್ತೆಗೆ ಫೋನ್ ಮಾಡಿ ಅದನ್ನೇ ಕೇಳಿದೆ: "ಒಂದು ಮೂಲೆ ಬಿಚ್ಚಿ ನೋಡ್ಲಾ ಅತ್ತೆ? ಮೂರು ಗಂಟು ನಾನೇ ಮತ್ತೆ ಹಾಕ್ಕೊಡ್ತೀನಿ."