ಫ್ಯಾನ್ ಹಾಕದ ಕೋಣೆ

ಮೂಗು ಬಾಯಿ ಮುಚ್ಚುವಂತೆ ಬಿಳಿ ಕರ್ಚೀಫು. ಅದರ ಗಂಟು ಹಿಂದೆ, ಮಲ್ಲಿಗೆ ಮುಡಿದ ತುರುಬಿನ ಕೆಳಗೆ. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಮೇಡಂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಕಿಟಕಿಯೂ ಬಂದ್! ಎಂಬತ್ತರ ದಶಕದಲ್ಲಿ ನಾನು ಅವರ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದ ದಿನ ಬಾಗಿಲನ್ನು ದಡಾರನೆ ಹಾಕಿದ್ದೆ. ಮೇಜಿನ ಮೇಲಿದ್ದ ಕಾರ್ಬನ್ ಎಳೆ ಹಾರಿಹೋಯಿತು. ತಲೆಕೂದಲಿಗಿಂತ ಎಷ್ಟೋ ಸಪೂರದ ಎಳೆ, ಎಲ್ಲಿ ಹುಡುಕುವುದು?

"ಬಾಗಿಲು ಮೆಲ್ಲ ಹಾಕು ಮಾರಾಯ್ತಿ, ಇದು ಸಿಟಿ ಬಸ್ಸಲ್ಲ" ಎಂದರು.

ಅಂಥ ಎಳೆಯನ್ನು ಸಣ್ಣ ಗಾಜಿನ ಕೊಳವೆಯೊಳಗೆ ತೂರಿಸಿ, ತುದಿ ಮಾತ್ರ ಹೊರಗುಳಿಸಿ ಎಲೆಕ್ಟ್ರೋಡ್ ಮಾಡಬೇಕು. ಉಸಿರು ತಾಗಿದರೂ ಎಳೆ ಹಾರುತ್ತದೆಂದು, ಆ ಹೊತ್ತಿಗೆ ಉಸಿರು ಬಿಗಿಹಿಡಿಯುವುದನ್ನು ಮೇಡಂ ನನಗೆ ಕಲಿಸಿದ್ದರು. ಅದರಿಂದ ಬಸವನಹುಳುವಿನ ಒಂದೇ ಒಂದು ನರಕೋಶದ ಮಿಡಿತವನ್ನು ಸ್ಪೀಕರಿನಲ್ಲಿ ಕೇಳಬೇಕು. ಮೇಡಂಗೆ ಅದೊಂದೇ ಹಟ. ಹುಳುಗಳನ್ನು ಕುಲಶೇಖರದ ತಮ್ಮ ಮನೆಯ ಹಿತ್ತಿಲಿನಿಂದ ಟಿಫಿನ್ ಡಬ್ಬಿಯಲ್ಲಿ ತರುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ "ಇವತ್ತು ಎಂತ ಪದಾರ್ಥ ಮೇಡಂ?" ಎಂದರೆ, "ಮುಚ್ಚಳ ತೆಗೆದ್ರೆ ನಿಮಗೆ ಊಟ ಸೇರ್ಲಿಕ್ಕಿಲ್ಲ" ಎನ್ನುವರು.

ಆದರೆ ಮೇಡಂಗೆ ಉಬ್ಬಸ, ಆ ಹಾಳು ದಮ್ಮು! ಎಳೆ ಕೊಳವೆಯ ಬಾಯಿಗೆ ಬರುವಾಗಲೇ ಕೆಮ್ಮು ಒತ್ತರಿಸಿ ಬರುತ್ತಿತ್ತು. ಒಮ್ಮೆ ಚಂದದ ಎಲೆಕ್ಟ್ರೋಡ್ ಒಂದು ಕೋಶಕ್ಕೆ ತಾಗುವ ಹೊತ್ತಿಗೇ ಕೆಮ್ಮಿದರು. ತುದಿ ಮುರಿಯಿತು. ಅವರು ಕರ್ಚೀಫು ಬಿಚ್ಚಿ ನನ್ನ ಕೈಗಿತ್ತರು.

"ನನ್ನಿಂದ ಇನ್ನು ಆಗ್ಲಿಕ್ಕಿಲ್ಲ. ನೀನು ಕೂತ್ಕೋ. ನಾನು ಹೊರಗಿರ್ತೇನೆ."

ತನ್ನದೇ ಕೋಣೆಯಿಂದ ತನ್ನನ್ನು ತಾನೇ ಹೊರಹಾಕಿಕೊಳ್ಳುವುದೆಂದರೆ ಸುಮ್ಮನೆಯೇ? ನಾನು ಕರ್ಚೀಫು ಕಟ್ಟಿಕೊಂಡು ಅವರ ಜಾಗದಲ್ಲಿ ಕೂತೆ.

ಮಳೆಗಾಲದ ಒಂದು ಮಧ್ಯಾಹ್ನ ನಾನು ಮಾಡಿದ ಎಲೆಕ್ಟ್ರೋಡ್ ಕೋಶಕ್ಕೆ ತಾಗಿತು. ಸ್ಪೀಕರಿನಲ್ಲಿ ಟಕ್, ಟಕ್, ಟಕ್! ಮುಚ್ಚಿದ ಬಾಗಿಲಿನಾಚೆಯಿಂದ ಮೇಡಂ ಕೂಗಿದರು: "ಕೇಳ್ತಾ ಉಂಟು! ಬಾಗಿಲು ತೆಗೀಬೇಡ!"

ಆಮೇಲೆ ಅವರ ಸದ್ದಿಲ್ಲ. ಕೋಶ ಸುಮ್ಮನಾದ ಮೇಲೆ ಕುಣಿಯುತ್ತ ಹೊರಗೆ ಬಂದರೆ, ಮೇಡಂ ವರಾಂಡದ ನೆಲದಲ್ಲಿ ಕುಸಿದು ಕೂತಿದ್ದರು. ಕೆಮ್ಮು ಕೇಳಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡಿದ್ದರು. ತುಟಿ ನೀಲಿಗಟ್ಟಿತ್ತು.

"ಒಮ್ಮೆ ಕರೀಬಾರದಿತ್ತಾ ಮೇಡಂ?" ಅಳುತ್ತಲೇ ಗದರಿದೆ.

"ಕರೆದ್ರೆ ನೀನು ಕೈ ತೆಗೀತಿದ್ದಿ" ಎಂದರು, ಉಸಿರು ಸಿಕ್ಕಿದ ಮೇಲೆ.

ಮರುವರ್ಷ ಆ ದಮ್ಮೇ ಅವರನ್ನು ಕೊಂಡುಹೋಯಿತು. ಮನೆ ತುಂಬ ಜನ, ಸೆಕೆ. ನಡುಮನೆಯಲ್ಲಿ ಅವರನ್ನು ಮಲಗಿಸಿದ್ದರು. ಯಾರೋ ಫ್ಯಾನ್ ಹಾಕಿದರು.

"ಬೇಡ, ಆಫ್ ಮಾಡಿ!" ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಯಾಕೆಂದು ಯಾರಿಗೆ ಹೇಗೆ ಹೇಳಲಿ? ಮೇಡಂ ಕಲಿಸಿದ ಹಾಗೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.