ವೈಜಿನಾಥ ಮುನ್ಶಿಯ ಸಾಕ್ಷಿಗಳು

ಬೀದರಿನ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕಾಗದಪತ್ರ ಬರೆದುಕೊಡುವ ಮೂವರು ಮುನ್ಶಿಗಳು ಕೂಡುತ್ತಿದ್ದರು. ಇಬ್ಬರ ಹತ್ತಿರ ಹೋದರೆ ಮಧ್ಯಾಹ್ನದೊಳಗೆ ಕಾಗದ ಕೈಗೆ ಬರುತ್ತಿತ್ತು. ಮೂರನೆಯವನಾದ, ಪಕ್ಕದ ಚಿದ್ರಿಯ ವೈಜಿನಾಥನ ಹತ್ತಿರ ಹೋದವರ ಕೆಲಸ ಒಂದೇ ದಿನಕ್ಕೆ ಮುಗಿದದ್ದನ್ನು ಯಾರೂ ಕಂಡಿಲ್ಲ. ಅಕ್ಷರವೇನೋ ಮುತ್ತು ಪೋಣಿಸಿದ ಹಾಗೆ. ಉರ್ದು, ಮೋಡಿ ಲಿಪಿ, ಕನ್ನಡ ಮೂರೂ ಕೈಗೆ ಒಗ್ಗಿದ್ದವು. ಆದರೆ ದಸ್ತಾವೇಜಿಗೆ ಸಾಕ್ಷಿ ಹಾಕುವವನನ್ನು ಎದುರು ಕೂಡಿಸಿ, "ನೀ ಖುದ್ದು ಅಲ್ಲಿ ಇದ್ದ್ಯಾ? ಕಣ್ಣಾರೆ ನೋಡಿದ್ಯಾ?" ಎಂದು ಕೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ತನಕ ಅವನು ಕಾಗದ ಬಿಡುತ್ತಿರಲಿಲ್ಲ. ಉಳಿದಿಬ್ಬರು ನಗುತ್ತಿದ್ದರು. ನಗುವವರಿಗೇನು, ಅವರ ತಲೆಯ ಮೇಲೆ ಆ ಪಾಪ ಇರಲಿಲ್ಲ.

ಹರೆಯದಲ್ಲಿ ವೈಜಿನಾಥ ಒಂದು ಮನೆಯ ದಾನಪತ್ರ ಬರೆದಿದ್ದ. ಸಾಕ್ಷಿ ಹಾಕಿದವನು ಆ ದಿನ ಊರಲ್ಲೇ ಇರಲಿಲ್ಲವೆಂದು ಆಮೇಲೆ ಗೊತ್ತಾಗಿ ಮುನ್ಸೀಫರು ಪತ್ರವನ್ನೇ ತಳ್ಳಿಹಾಕಿದರು. ಆ ಮನೆಯಲ್ಲಿ ಇರಬೇಕಾಗಿದ್ದ ಕಾವೇರಿಬಾಯಿ ಎಂಬ ಹೆಂಗಸು ಬೀದಿಗೆ ಬಂದಳು. ಆಕೆ ವೈಜಿನಾಥನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು ಎಂದು ಅವನು ಮೂವತ್ತು ವರ್ಷ ಕೊರಗಿದ.

ಇಂಥ ಮನುಷ್ಯನ ಕೈಗೆ ಸರ್ಕಾರದ ಲೆಕ್ಕದ ಫಸಲಿ ೧೩೩೬ನೆಯ ವರ್ಷದ ಬೇಸಗೆಯಲ್ಲಿ ಭಾಲ್ಕಿಯ ಮಾಧವ ಚೊಕ್ಕ ಪ್ರತಿ ಮಾಡಲೆಂದು ತನ್ನ ಪ್ರಬಂಧ ಕೊಟ್ಟ. ಮಾಧವ ಹೈದರಾಬಾದಿನ ಒಂದು ಕಾಲೇಜಿನಲ್ಲಿ ಕಡೆಯ ವರ್ಷ ಓದುತ್ತಿದ್ದ ಹುಡುಗ. ಭಾಲ್ಕಿ, ಔರಾದ ತಾಲೂಕುಗಳ ಹಳೆಯ ಬಾವಿಗಳನ್ನು ಯಾರು, ಯಾವಾಗ, ಹೇಗೆ ತೋಡಿದರು ಎಂದು ಊರೂರು ತಿರುಗಿ ಕೇಳಿ ಉರ್ದುವಿನಲ್ಲಿ ಎಂಬತ್ತು ಪುಟ ಬರೆದಿದ್ದ. ಖುರ್ದಾದ ತಿಂಗಳ ಹದಿನೈದರೊಳಗೆ ಚೊಕ್ಕ ಪ್ರತಿ ಕಾಲೇಜಿಗೆ ಮುಟ್ಟಬೇಕು. ಮುಟ್ಟದಿದ್ದರೆ ಒಂದು ವರ್ಷ ಹೋಯಿತು, ಅದರ ಜೊತೆ ಓದಿಗೆಂದು ಸರ್ಕಾರ ಕೊಡುತ್ತಿದ್ದ ವಜೀಫೆಯೂ ಹೋಯಿತು. ಸಾಲೆ ಮಾಸ್ತರನಾದ ಅಪ್ಪನ ಪಗಾರದಲ್ಲಿ ಹೈದರಾಬಾದಿನ ಊಟ ನಡೆಯುವ ಹಾಗಿರಲಿಲ್ಲ.

ಪ್ರೊಫೆಸರರು ಬರೆದುಕೊಟ್ಟ ಕಾಯಿದೆಗಳ ಚೀಟಿಯನ್ನೂ ಅವನು ಕೊಟ್ಟು ಹೋದ. ಪುಟಕ್ಕೆ ಹದಿನೇಳು ಸಾಲು. ಅಂಚಿಗೆ ಮೂರು ಬೆರಳು ಜಾಗ. ಯಾವ ಮಾತು ಎಲ್ಲಿಂದ ಬಂತೋ ಅದರ ಹವಾಲಾ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ. ಕಾಗದದಿಂದ ಬಂದಿದ್ದರೆ ಕಾಗದದ ಹೆಸರು ಮತ್ತು ಪುಟ. ಬಾಯಿಂದ ಬಂದಿದ್ದರೆ ಹೇಳಿದವನ ಹೆಸರು, ಊರು, ವಯಸ್ಸು, ಕೇಳಿದ ತಾರೀಖು.

ವೈಜಿನಾಥ ಚೀಟಿಯನ್ನು ಎರಡು ಸಲ ಓದಿದ. ಹೆಸರು, ಊರು, ವಯಸ್ಸು, ತಾರೀಖು. ಇದು ಸಾಕ್ಷಿಯ ಸಾಲಲ್ಲದೆ ಮತ್ತೇನು? ಇಷ್ಟೆಲ್ಲ ಬರೆದು ಹೆಬ್ಬೆಟ್ಟನ್ನೇ ಮರೆತಿದ್ದಾನಲ್ಲ ಹುಡುಗ ಎಂದು ಅವನಿಗೆ ಮರುಕ ಬಂತು. ಬಾಯಿಮಾತಿನ ಹವಾಲಾ ಹನ್ನೆರಡಿದ್ದವು. ಹನ್ನೆರಡೂ ಊರಿಗೆ ಹೋಗುವುದು ಆಗದ ಮಾತು. ಔರಾದದ ದೊಡ್ಡ ಬಾವಿಯ ಸಂಗತಿಗೆ ಆರು ಪುಟ ಮೀಸಲಾಗಿತ್ತು, ಅದಕ್ಕೆಲ್ಲ ಒಬ್ಬನೇ ಸಾಕ್ಷಿ: ಹಾವಗೆಪ್ಪ, ವಯಸ್ಸು ಎಪ್ಪತ್ತೆಂಟು. ಕಡೇಪಕ್ಷ ಅವನದ್ದಾದರೂ ಬೇಕು. ಉಳಿದದ್ದೆಲ್ಲ ಬರೆದು ಮುಗಿಸಿ, ಅವನ ಹವಾಲಾ ಇದ್ದ ನಲವತ್ತೊಂದನೆಯ ಪುಟವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಸಿಯ ಡಬ್ಬಿ ಹಿಡಿದು, ಹತ್ತಿ ಹೇರಿ ಬಂದು ಖಾಲಿ ಮರಳುತ್ತಿದ್ದ ಬಂಡಿ ಹತ್ತಿ ಮುನ್ಶಿ ಔರಾದದ ದಾರಿ ಹಿಡಿದ. ಪ್ರತಿ ಒಯ್ಯಲು ಮಾಧವ ಚಿದ್ರಿಗೆ ಬಂದಾಗ ಮುನ್ಶಿಯೂ ಇಲ್ಲ, ನಲವತ್ತೊಂದನೆಯ ಪುಟವೂ ಇಲ್ಲ. ಹುಡುಗ ತಲೆಯ ಮೇಲೆ ಕೈ ಹೊತ್ತು ಮುನ್ಶಿಯ ಮನೆಯ ಕಟ್ಟೆಯ ಮೇಲೇ ಕಾಯುತ್ತ ಕೂತ.

ಔರಾದದಲ್ಲಿ ಹಾವಗೆಪ್ಪ ಸಂಕ್ರಾಂತಿಯ ಹಿಂದುಮುಂದೇ ತೀರಿಹೋಗಿದ್ದ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಈರಮ್ಮನ ಎದುರು ವೈಜಿನಾಥ ಬಂದ ಕೆಲಸ ಹೇಳಿ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದ: ಬರದ ವರ್ಷ ಶುರುವಾಗಿ ಎರಡು ಬೇಸಗೆಯಲ್ಲಿ ಬಾವಿ ಮುಗಿಯಿತು, ಹಾವಗೆಪ್ಪ ತಾನೇ ಕಂಡದ್ದು.

ಈರಮ್ಮ ಮೊರ ಕೆಳಗಿಟ್ಟಳು. "ಎರಡಲ್ರಿ, ನಾಕು ಬೇಸಗಿ. ನಾ ಒಳಗಿಂದ ನಾಕು ಅಂತೇ ಹೇಳಿದ್ದೆ. ಅಡಗಿಮನಿಯಿಂದ ಹೊರಗಿನ ಕಟ್ಟಿ ಮುಟ್ಟೋದ್ರೊಳಗ ಎರಡು ನುಂಗಿಬಿಟ್ರು ನಮ್ಮ ಯಜಮಾನ್ರು."

"ನೀವು ಹೇಳಿದ್ರ್ಯಾ? ಅವರು ನೋಡಿದ್ದಿಲ್ಲೇನು?"

"ಅವರೆಲ್ಲಿ ನೋಡ್ತಾರ್ರಿ? ಆಗ ಅವರು ಉದಗೀರದಾಗ ದುಡಿಲಿಕ್ಕ ಹೋಗಿದ್ರು. ಬುಟ್ಟಿ ಹೊತ್ತಾಕಿ ನಾನು. ನಡ ಮುರದು ಹೋಗಿತ್ತು. ಆ ಕಾಲೇಜಿನ ಹುಡುಗ ಬಂದಾಗ ಒಂದೊಂದು ಮಾತಿಗಿ ನೀರು ಕುಡೀತೀನಂತ ಒಳಗ ಬರೋರು, ನಾ ಹೇಳ್ದದ್ದು ಕೇಳ್ಕೊಂಡು ಹೊರಗ ಹೋಗೋರು. ಬರೇ ಕುಡಿಯೂದೇ ನಿಜಾ ಆಗಿದ್ರ ಆವತ್ತು ಆ ಬಾವಿನೇ ಬತ್ತತಿತ್ತು."

"ಹುಡುಗನ ಎದುರಿಗಿ ನೀವೇ ಬಂದು ಹೇಳ್ಬೇಕಿತ್ತಲ್ಲ, ಅವ್ವಾ?"

"ಪರ ಊರಿನ ಗಂಡಸರು ಕಟ್ಟಿ ಮ್ಯಾಲ ಕುಂತಾಗ ನಾವ್ಯಾಕ ಹೊರಗ ಬರ್ತೀವ್ರಿ? ನನ್ನ ಯಾರು ಕೇಳಿದ್ರು?"

ವೈಜಿನಾಥ ಮಸಿಯ ಡಬ್ಬಿ ತೆಗೆದ. ತಾನು ಬಾರದೇ ಹೋಗಿದ್ದರೆ ಊರಲ್ಲಿಲ್ಲದ ಸಾಕ್ಷಿಯನ್ನು ಮತ್ತೊಮ್ಮೆ ತನ್ನ ಕೈಯಾರೆ ಬರೆದಂತಾಗುತ್ತಿತ್ತು. ಅವನು ಈರಮ್ಮನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಪುಟದ ಅಂಚಿನಲ್ಲಿ ಒತ್ತಿಸಿಕೊಂಡ.

ಅವನು ಚಿದ್ರಿ ಮುಟ್ಟಿದ್ದು ಖುರ್ದಾದ ಹದಿಮೂರರ ಸಂಜೆಗೆ. ಮಾಧವ ಪುಟ ನೋಡಿ ಕೆಂಡವಾದ. "ಕಾಕಾ, ಇದು ಹೊಲದ ಕಾಗದ ಅಲ್ರಿ! ಕಾಲೇಜಿನವರು ಹೆಬ್ಬೆಟ್ಟು ನೋಡಿ ಬಿದ್ದುಬಿದ್ದು ನಗ್ತಾರ. ಹವಾಲಾ ಅಂದ್ರ ಸಾಕ್ಷಿ ಅಲ್ಲ."

"ಮತ್ತೇನದು?" ಎಂದ ವೈಜಿನಾಥ ಶಾಂತವಾಗಿ.

ಮುನ್ಶಿ ಔರಾದದಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹುಡುಗ ಸಿಟ್ಟಿನವನಾದರೂ ಪ್ರಾಮಾಣಿಕ. ಹೊಸ ಹಾಳೆ ತೆಗೆಯಿರಿ ಎಂದ. ನಾಲ್ಕು ಬೇಸಗೆ ಎಂದು ತಿದ್ದಿಸಿದ. ಕೆಳಗೆ ಹೀಗೆ ಬರೆಸಿದ: ಹೇಳಿದವರು ಈರಮ್ಮ, ಔರಾದ, ವಯಸ್ಸು ಎಪ್ಪತ್ತು, ಖುರ್ದಾದ ಹನ್ನೊಂದರಂದು ಕೇಳಿದವರು ವೈಜಿನಾಥ ಮುನ್ಶಿ, ಚಿದ್ರಿ.

"ನನ್ನ ಹೆಸರು ಯಾಕಪಾ? ಬರೆಯೋನ ಹೆಸರು ಒಳಗ ಬರೂದಿಲ್ಲ."

"ಕೇಳಿದವರು ನೀವಲ್ಲೇನ್ರಿ? ನಾ ಕೇಳ್ದೆ ಅಂತ ಹ್ಯಾಂಗ ಬರೀಲಿ?"

ವೈಜಿನಾಥ ತನ್ನ ಹೆಸರನ್ನು ತಾನೇ ಬರೆದ. ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು.

ಮರುದಿನ ಬೆಳಿಗ್ಗೆ ಹೈದರಾಬಾದಿನ ಮೋಟಾರು ಹೊರಡುವುದಿತ್ತು. ಅದು ತಪ್ಪಿದರೆ ಹದಿನೈದರೊಳಗೆ ಕಾಲೇಜು ಮುಟ್ಟುವ ಬೇರೆ ದಾರಿ ಇರಲಿಲ್ಲ. ಬೆಳಗಾಗುತ್ತಲೇ ಮುನ್ಶಿ ಎಂಬತ್ತು ಪುಟ ಹೊಲಿದು, ರಟ್ಟು ಕಟ್ಟಿ ಕೈಗಿಟ್ಟ. ಮಾಧವ ಏಳಲಿಲ್ಲ. ಹವಾಲಾಗಳನ್ನು ಒಂದೊಂದಾಗಿ ತಿರುವುತ್ತ ಕೂತಿದ್ದ.

"ಕಾಕಾ, ಖಟಕ ಚಿಂಚೋಳಿಯ ಮಡೆಪ್ಪನೂ ನಡುನಡುವ ಎದ್ದು ಒಳಗ ಹೋಗ್ತಿದ್ದ. ಎಲಿ ಅಡಿಕಿ ತರ್ತೀನಿ ಅಂತಿದ್ದ. ಒಮ್ಮೆನೂ ತಂದಿದ್ದಿಲ್ಲ."

ಒಂದು ಬಾವಿಯ ಕೆಸರು ತೆಗೆಯಲು ಹೋಗಿ ಹನ್ನೆರಡೂ ಬಾವಿ ಕದಡಿದಂತಾಯಿತಲ್ಲ! ಹುಡುಗನ ವರ್ಷ ಕಣ್ಣೆದುರೇ ಜಾರುತ್ತಿತ್ತು. ಮೂವತ್ತು ವರ್ಷದಲ್ಲಿ ಎಂದೂ ಅನ್ನದ ಮಾತನ್ನು ವೈಜಿನಾಥ ಅಂದುಬಿಟ್ಟ. "ಇರ್ಲಿ ಬಿಡು ತಮ್ಮಾ. ಮಡೆಪ್ಪ ನೋಡಿದವನೇ ಇರ್ಬೇಕು. ಮೋಟಾರು ಹೋಗ್ತದ, ಏಳು."

ಆಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಾಗಿಲ ಮರೆಯಿಂದ ಮುನ್ಶಿಯ ಹೆಂಡತಿ ಶಾಂತಾಬಾಯಿ ಮಾತಾಡಿದಳು. ಮೂರು ದಿನ ಹುಡುಗನಿಗೆ ಉಣ್ಣಲಿಕ್ಕೆ ಇಟ್ಟಿದ್ದಳು, ಒಂದು ಮಾತೂ ಆಡಿರಲಿಲ್ಲ. "ಖಟಕ ಚಿಂಚೋಳಿ ನನ್ನ ತವರ್ರಿ. ಆ ಬಾವಿ ತೋಡ್ವಾಗ ಮಡೆಪ್ಪ ತೊಟ್ಟಿಲದಾಗಿದ್ದ. ಅದರ ಸಂಗತಿ ಗೊತ್ತಿರೂದು ಅವನ ಅಕ್ಕ ಸುಂದರಬಾಯಿಗಿ. ಆಕಿ ಬಾಯಿಂದ ನಾ ನೂರು ಸರ್ತಿ ಕೇಳೀನಿ."

ವೈಜಿನಾಥ ತಲೆ ತಗ್ಗಿಸಿದ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದ, ಈ ಬಾವಿಯ ಮಾತು ತನ್ನ ಮನೆಯಲ್ಲೇ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಬೀದರಿನ ಕಡೆಯಿಂದ ಮೋಟಾರಿನ ಭೋಂಪು ಕೇಳಿಸಿತು. ಓಡಿದರೆ ಇನ್ನೂ ಸಿಗುತ್ತಿತ್ತು. ಮಾಧವ ಆ ಕಡೆ ಒಮ್ಮೆ ನೋಡಿದ. ಎದ್ದು ನಿಂತು ರಟ್ಟಿನ ಕಟ್ಟನ್ನು ವೈಜಿನಾಥನ ತೊಡೆಯ ಮೇಲೆ ಇಟ್ಟ.

"ಕಾಕೂ," ಎಂದು ಬಾಗಿಲ ಕಡೆ ತಿರುಗಿದ, "ಹೊರಗ ಬಂದು ಕುಂತು ಹೇಳ್ರಿ. ಮೊದಲು ನಿಮ್ಮ ವಯಸ್ಸು."