ರಂಪಣಿ ಹಗ್ಗದಲ್ಲಿ ಏರಿದ ತೊಲೆ

ಬೇಲೆಕೇರಿಯಿಂದ ತುಸು ಆಚೆ, ನಮ್ಮೂರಿನ ದಿಬ್ಬದ ಮೇಲೆ ಪೋರ್ಚುಗೀಸರ ಕಾಲದ್ದೆಂದು ಹೇಳುವ ಪುಟ್ಟ ಇಗರ್ಜಿಯಿದೆ. ಚಿರೇಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಮಲಗಿ ನಿದ್ದೆ ತೆಗೆಯಬಹುದು. ನಮ್ಮದು ಹಿಂದೂ ಮನೆ. ಆದರೂ ಆ ತಂಪಿನೊಳಗೆ ಕಾಲಿಟ್ಟಾಗಲೆಲ್ಲ ನನ್ನ ವಟವಟ ತಾನಾಗಿ ನಿಂತುಬಿಡುತ್ತಿತ್ತು. ಅದು ಸಣ್ಣ ಮಾತಲ್ಲ, ಬೇಕಾದರೆ ಮನೆಯವರನ್ನು ಕೇಳಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಮಳೆಗಾಲದಲ್ಲಿ ಗೆದ್ದಲು ತಿಂದ ನಡುತೊಲೆ ಮುರಿದು ಇಗರ್ಜಿಯ ಮಾಡು, ಅಂದರೆ ಛಾವಣಿಯೇ, ಕುಸಿಯಿತು. ಎಲ್ಲರಿಗಿಂತ ಕಂಗಾಲಾದವಳು ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು, ನಾವು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದವಳು. ಬರುವ ಮೇ ತಿಂಗಳಲ್ಲಿ ಅವಳ ಮಗಳ ಮದುವೆ. ಅವಳೂ ಅವಳ ತಾಯಿಯೂ ಮದುವೆಯಾದದ್ದು ಅಲ್ಲೇ. ಮಾಡು ಏಳದಿದ್ದರೆ ಮದುವೆಯನ್ನು ಕಾರವಾರದಲ್ಲಿ ಮಾಡಬೇಕಾಗುತ್ತದೆಂದು ಪಾದ್ರಿಗಳು ಹೇಳಿದ್ದರು. ಮಾವಶಿಗೆ ಊಟ ಸೇರುತ್ತಿರಲಿಲ್ಲ.

ಬೇಸಿಗೆಗೆ ಹೊಸ ತೊಲೆಯೇನೋ ಬಂತು, ಆದರೆ ದಿಬ್ಬಕ್ಕೆ ಕ್ರೇನ್ ಹತ್ತಲಿಲ್ಲ. ಆಗ ಕೇರಿಯ ಮೀನುಗಾರರು, ಎಲ್ಲ ಹಿಂದೂಗಳೇ, ರಂಪಣಿ ಬಲೆ ಎಳೆಯುವ ಹಗ್ಗ ಹೊತ್ತು ಬಂದರು. ದಂಡೆಯಲ್ಲಿ ಬಲೆಯ ಎರಡು ತುದಿ ಹಿಡಿದು ಎಳೆಯುವಂತೆ ಇಲ್ಲಿಯೂ ಎರಡು ಸಾಲಾಗಿ ನಿಂತು, ಗೋಡೆಯ ಮೇಲಿನ ರಾಟೆಗಳಿಗೆ ಹಗ್ಗ ಹಾಯಿಸಿ ಎಳೆದರು. ಅರ್ಧ ಏರಿದ ತೊಲೆ ಒಂದು ತುದಿ ಮೇಲೆ, ಒಂದು ತುದಿ ಕೆಳಗಾಗಿ ಓಲಾಡತೊಡಗಿತು.

ಏನು ಎಡವಟ್ಟಾಯಿತೆಂದು ಮೊದಲು ಹೊಳೆದದ್ದು ಮಾವಶಿಗೆ. ದಂಡೆಯಲ್ಲಾದರೆ ಅವರು ಊರದೇವಿಯ ಹೆಸರು ಕೂಗಿ, ಆ ಕೂಗಿಗೆ ಸರಿಯಾಗಿ ಒಟ್ಟಿಗೆ ಎಳೆಯುತ್ತಾರೆ. ಇದು ಇಗರ್ಜಿ ಎಂಬ ಮರ್ಯಾದೆಗೆ ಇಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ.

“ಬಾಯಿ ಮುಚ್ಕಂಡ್ ಎಳೂಕೆ ಆಗ್ತದ್ಯ?” ಮಾವಶಿ ಕಿರುಚಿದಳು. “ದಂಡೆ ಮೇಲೆ ಹ್ಯಾಂಗೆ ಕೂಗ್ತ್ರಿ, ಹಾಂಗೇ ಕೂಗಿ!”

ಸಾಲಿನ ಮುಂದಿದ್ದವನು ಪಾದ್ರಿಗಳ ಮುಖ ನೋಡಿದ.

“ಕೂಗೋ ಮಾರಾಯ, ತೊಲೆ ಬೀಳ್ತದೆ!” ಎಂದರು ಅವರು.

ಕೂಗು ಎದ್ದಿತು. ಮಾಡೇ ಇಲ್ಲದ ಆ ಗೋಡೆಗಳ ನಡುವೆ ನಮ್ಮ ದೇವಿಯ ಹೆಸರು ಮೊಳಗಿದಾಗ ನನ್ನ ಮೈ ಝುಮ್ಮೆಂದಿತು. ಒಂದೊಂದು ಕೂಗಿಗೂ ತೊಲೆ ನೆಟ್ಟಗೆ ಒಂದಿಷ್ಟು ಏರುತ್ತಿತ್ತು. ಅಂಥದ್ದನ್ನು ನಾನು ಮತ್ತೆಂದೂ ಕಂಡಿಲ್ಲ. ಅಷ್ಟು ಗಂಡಸರ ನಡುವೆಯೂ ಎದ್ದು ಕೇಳುತ್ತಿದ್ದದ್ದು ಮಾವಶಿಯ ದನಿ. ಜಪಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವಳು ನಮ್ಮ ದೇವಿಯನ್ನು ಕರೆಯುತ್ತಿದ್ದಳು. ತೊಲೆ ಗೋಡೆಯ ಮೇಲೆ ಕೂತಿತು, ಗಂಡಸರು ಹಗ್ಗ ಬಿಟ್ಟರು. ಆಮೇಲೂ ಅವಳು ಕೂಗುತ್ತಲೇ ಇದ್ದಳು. ಕೊನೆಗೆ ಮಗಳೇ ಬಂದು ತಬ್ಬಿ ನಿಲ್ಲಿಸಬೇಕಾಯಿತು.